ಮೇಷ್ಟ್ರು ಓದಿದರೆ ಯಾರಪ್ಪನ ಗಂಟು ಹೋಗುತ್ತೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಒಬ್ಬ ಪ್ರೈಮರಿ ಸ್ಕೂಲ್ ಮೇಷ್ಟ್ರು ಎಂ.ಎ.ಗೋ ಎಂ.ಎಡ್.ಗೋ ಕಟ್ಟಿದ್ದಾರೆ ಅಂತ ಗೊತ್ತಾದರೆ ಊರು ಕೇಳುವುದು ಎರಡೇ ಮಾತು. "ಏನ್ ಮೇಷ್ಟ್ರೇ, ಇಂಕ್ರಿಮೆಂಟು ಎಷ್ಟು ಬರುತ್ತೆ?" "ಬಡ್ತಿ ಯಾವಾಗ?" ಆ ಮೇಷ್ಟ್ರು ಕೇರಿಯಿಂದ ಬಂದವರಾದರೆ ಸ್ಟಾಫ್ ರೂಮಿನಲ್ಲಿ ಇನ್ನೊಂದು ಮಾತು ಬೆನ್ನ ಹಿಂದೆ ಹುಟ್ಟುತ್ತದೆ: "ಕೋಟಾದಲ್ಲಿ ಕೆಲಸ ಸಿಕ್ಕಿದ್ದು ಸಾಲದಾ ಇವನಿಗೆ?" ಓದಿ ಬಂದ ಮೇಲೆ ನಮ್ಮ ಮಕ್ಕಳಿಗೆ ಏನು ತರ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಊರನ್ನು ಬೈದು ಪ್ರಯೋಜನವಿಲ್ಲ. ಈ ಓದನ್ನು ಕಟ್ಟಿದವರೇ ಆ ಪ್ರಶ್ನೆ ಬರದ ಹಾಗೆ ಕಟ್ಟಿದ್ದಾರೆ.

ಎಂ.ಎಡ್. ಪ್ರಬಂಧಗಳನ್ನು ಒಂದು ಸಲ ತೆಗೆದು ನೋಡಿ. "ಪ್ರೌಢಶಾಲಾ ವಿದ್ಯಾರ್ಥಿಗಳ ಕಲಿಕಾ ಧೋರಣೆ, ಒಂದು ಅಧ್ಯಯನ." ಪ್ರಶ್ನಾವಳಿ ಇನ್ನೊಬ್ಬರದು, ಲೆಕ್ಕ ಕಂಪ್ಯೂಟರ್ ಸೆಂಟರ್ ಹುಡುಗನದು, ಬೈಂಡಿಂಗ್ ಜೆರಾಕ್ಸ್ ಅಂಗಡಿಯದು. ಜಾತಿ ಅದರಲ್ಲಿ ಇಲ್ಲವೇ? ಇದೆ. ಕೋಷ್ಟಕದಲ್ಲಿ ಒಂದು ಕಾಲಂ ಆಗಿ ಕೂತಿದೆ. ಪರಿಶಿಷ್ಟರ ಸರಾಸರಿ ಇಷ್ಟು, ಇತರರ ಸರಾಸರಿ ಇಷ್ಟು, ವ್ಯತ್ಯಾಸ ಗಣನೀಯವಾಗಿದೆ. ಅಷ್ಟೇ. ಆ ಪರಿಶಿಷ್ಟ ಮಗು ತರಗತಿಯಲ್ಲಿ ಎಲ್ಲಿ ಕೂರುತ್ತದೆ, ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ನಿಲ್ಲುತ್ತದೆ, ಕುಡಿಯುವ ನೀರಿನ ಡ್ರಮ್ಮಿಗೆ ಯಾರು ಲೋಟ ಅದ್ದುತ್ತಾರೆ, ಪೊರಕೆ ಯಾರ ಕೈಗೆ ಹೋಗುತ್ತದೆ? ಇದಕ್ಕೆ ಕಾಲಂ ಇಲ್ಲ. ನೆರೆಯ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ 2023ರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಆ ಗುಂಡಿಯ ಪಕ್ಕ ಇದ್ದವರು ಪದವಿ ಇಲ್ಲದವರೇನಲ್ಲ. ಶಿಕ್ಷಣ ಮನೋವಿಜ್ಞಾನದ ಪೇಪರ್ ಪಾಸಾದವರೇ.

ನಮ್ಮ ತಾಲ್ಲೂಕುಗಳ ಮೇಷ್ಟ್ರ ತಲೆಯಲ್ಲಿ ಪ್ರಶ್ನೆಗಳಿಗೆ ಬರವಿದೆಯೇ? ಬಾಗೇಪಲ್ಲಿ, ಚಿಂತಾಮಣಿಯ ಎಷ್ಟೋ ಹಳ್ಳಿಗಳಲ್ಲಿ ಮಗು ಮನೆಯಲ್ಲಿ ಆಡುವುದು ತೆಲುಗು, ಪುಸ್ತಕದಲ್ಲಿ ಕಾಣುವುದು ಕನ್ನಡ, ಸರ್ಕಾರ ಈಗ ಆಸೆ ತೋರಿಸುವುದು ಇಂಗ್ಲಿಷ್. ಒಂದನೇ ಕ್ಲಾಸಿನ ಮಗು ಬಾಯಿ ಬಿಡದೆ ಕೂತರೆ "ದಡ್ಡು" ಅಂತ ಬರೆದುಬಿಡುತ್ತೇವೆ. ಅದು ದಡ್ಡೋ, ನಮ್ಮ ಮಾತು ಅದಕ್ಕೆ ಮುಟ್ಟಲಿಲ್ಲವೋ? ಶಿಡ್ಲಘಟ್ಟಕ್ಕೆ ಬನ್ನಿ. ಗೂಡು ಬೇಯುವ ಬಿಸಿನೀರಿಗೆ ಕೈಯಿಟ್ಟು ಎಳೆ ಹುಡುಕುವ ತಾಯಂದಿರು ಬೆಳಗಾಗುವ ಮುಂಚೆ ನೂಲು ಬಿಚ್ಚೋ ಮನೆಗೆ ಹೋಗುತ್ತಾರೆ. ತಮ್ಮ ತಂಗಿಯರನ್ನು ನೋಡಿಕೊಳ್ಳುವ ದೊಡ್ಡ ಹುಡುಗಿ ಸ್ಕೂಲಿಗೆ ಬರುವುದು ಹನ್ನೊಂದು ಗಂಟೆಗೆ. ಹಾಜರಿ ಪುಸ್ತಕದಲ್ಲಿ ಅವಳು ಗೈರು. ಆ ಗೈರುಹಾಜರಿಗೂ ಗೂಡಿನ ಮಾರ್ಕೆಟ್ಟಿನ ರೇಟಿಗೂ ಏನು ನಂಟು ಎಂದು ವರ್ಷವಿಡೀ ಬರೆದಿಟ್ಟರೆ ಅದು ಎಂ.ಎಡ್. ಪ್ರಬಂಧವಲ್ಲವೇ? ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳೊಂದಿಗೆ ಊರಿನ ನೀರನ್ನೆಲ್ಲ ಪರೀಕ್ಷೆ ಮಾಡಿ ವಿಜ್ಞಾನ ಕಲಿಸಿದರೆ ಅದಕ್ಕಿಂತ ದೊಡ್ಡ ಪ್ರಾಕ್ಟಿಕಲ್ ಇನ್ನೇನಿದೆ?

ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿರುವ ಪ್ರಶ್ನೆ ಒಂದಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಆಗ ಇದು ಕೋಲಾರ ಜಿಲ್ಲೆ, 2007ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾಯಿತು, ಮೌನ ಬದಲಾಗಲಿಲ್ಲ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ, ಹೇಳಬೇಕು. ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇವೆ, ಹೋಗಬೇಕು. ಕಂಬಾಲಪಲ್ಲಿಯನ್ನು ಯಾವ ಪೀರಿಯಡ್ಡಿನಲ್ಲಿ ಹೇಳುವುದು? ಹೊಡೆದವರ ಮೊಮ್ಮಕ್ಕಳೂ ಸತ್ತವರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುವ ತರಗತಿಯಲ್ಲಿ ಹೇಗೆ ಹೇಳುವುದು? ಇದು ಭಾಷಣದಿಂದ ಬಗೆಹರಿಯುವ ಸಂಗತಿಯಲ್ಲ. ಮೇಷ್ಟ್ರು ಕೂತು ಓದಬೇಕು, ಬೇರೆ ಮೇಷ್ಟ್ರ ಜೊತೆ ಜಗಳ ಆಡಬೇಕು, ಒಂದು ಪಾಠ ಮಾಡಿ ಸೋತು ಇನ್ನೊಂದು ಪಾಠ ಕಟ್ಟಬೇಕು. ಸ್ನಾತಕೋತ್ತರ ಅಧ್ಯಯನ ಅಂದರೆ ಇದು. ಅಗ್ರಹಾರದವರು ಬರೆದ ನೋಟ್ಸನ್ನು ಹೊಲಗೇರಿಯವರು ಉರು ಹೊಡೆಯುವುದಲ್ಲ.

ಬಿ.ಎಡ್. ಓದಿದವರಿಗೆಲ್ಲ ಜಾನ್ ಡ್ಯೂಯಿ ಗೊತ್ತು. ಮಾಡಿ ಕಲಿ, ಅನುಭವದಿಂದ ಕಲಿ, ಐದು ಅಂಕದ ಪ್ರಶ್ನೆ. ಆ ಡ್ಯೂಯಿಯ ಎದುರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕೂತು ಕೇಳಿದವರು ಬಾಬಾಸಾಹೇಬರು ಎಂದು ಎಷ್ಟು ಜನ ಲೆಕ್ಚರರು ಹೇಳುತ್ತಾರೆ? 1913ರಲ್ಲಿ ಹೋದರು, 1915ರಲ್ಲಿ ಎಂ.ಎ. ಮುಗಿಸಿದರು. ವಿದ್ಯಾರ್ಥಿವೇತನದ ಋಣ ತೀರಿಸಲು 1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದರೆ ಇರಲು ಮನೆ ಸಿಗಲಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಲ್ಲಿ ಅವರು ನೀರಿನ ಪಾತ್ರೆ ಮುಟ್ಟಬಾರದೆಂದು ಸಹೋದ್ಯೋಗಿಗಳು ತಕರಾರು ತೆಗೆದರು. ಪ್ರೊಫೆಸರ್‌ಗಳೇ ತೆಗೆದರು, ಗಮನಿಸಿ. ಬಂದ ಸಂಬಳದಲ್ಲಿ ಉಳಿಸಿ, ಶಾಹು ಮಹಾರಾಜರ ನೆರವು ಪಡೆದು, ಗೆಳೆಯನ ಹತ್ತಿರ ಸಾಲ ಮಾಡಿ 1920ರಲ್ಲಿ ಆ ನೌಕರಿ ಬಿಟ್ಟು ಅರ್ಧಕ್ಕೆ ನಿಂತಿದ್ದ ಓದು ಮುಗಿಸಲು ಮತ್ತೆ ಲಂಡನ್ನಿಗೆ ಹೋದರು. ಹೋಗುವ ಮೊದಲು ಅದೇ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಶುರುಮಾಡಿದ್ದರು. ಪಾಠ ಹೇಳುವ ಕೆಲಸದಲ್ಲಿದ್ದವನು ಮತ್ತೆ ವಿದ್ಯಾರ್ಥಿಯಾಗುವುದು ನಮ್ಮ ಪರಂಪರೆಗೆ ಹೊಸದಲ್ಲ. ಆದರೆ ನೂರು ವರ್ಷದ ಮೇಲೂ ಕೇರಿಯ ಮೇಷ್ಟ್ರು ಸಾಲ ಮಾಡಿಯೇ ಓದಬೇಕೇ?

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಹುಡುಗ ಎಚ್. ನರಸಿಂಹಯ್ಯ. ಮೇಷ್ಟ್ರಾಗಿದ್ದಾಗಲೇ ಅಮೆರಿಕದ ಓಹಿಯೋಕ್ಕೆ ಹೋಗಿ 1960ರಲ್ಲಿ ಪಿಎಚ್.ಡಿ. ಮುಗಿಸಿ ಅದೇ ನ್ಯಾಷನಲ್ ಕಾಲೇಜಿಗೆ ವಾಪಸು ಬಂದರು. ಆಮೇಲೆ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ಬಂದವು. ಓದು ಊರಿಗೆ ವಾಪಸು ಬರುವುದೆಂದರೆ ಹೀಗೆ. ಇನ್ನು ನಮ್ಮ ಕಡೆಯವರ ವಿಚಾರ. ಬಂಡಾಯದ ಮೇಲೆ ಪಿಎಚ್.ಡಿ. ಮಾಡಿ ಕ್ವಾರ್ಟರ್ಸ್ ಸೇರಿಕೊಂಡು, ಊರಿನ ಬಸ್ಸಿನ ಟೈಮು ಮರೆತ ಅಣ್ಣಂದಿರೂ ಇದ್ದಾರೆ. ಅವರ ಬಗ್ಗೆ ಇನ್ನೊಮ್ಮೆ ಬರೆಯೋಣ.

ಮೇಷ್ಟ್ರಿಗೆ ಜ್ಞಾನ ಕಟ್ಟುವ ತಾಕತ್ತಿಲ್ಲ ಎನ್ನುವವರಿಗೆ ಒಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ, ವಾಪಸು ಬಂದು ತಾವೇ ಕಾರ್ಡು ಬರೆದು, ಹಾಡು ಕಟ್ಟಿ 'ನಲಿ ಕಲಿ' ಮಾಡಿದರು. ಕಾಡಿನಂಚಿನ ಆದಿವಾಸಿ ಮಕ್ಕಳಿದ್ದ ತಾಲ್ಲೂಕು ಅದು. ಚಿಂತಾಮಣಿಯಿಂದ ಮದನಪಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ನಾವೂ ಅಲ್ಲಿರುತ್ತೇವೆ. ಆ ಮೇಷ್ಟ್ರುಗಳ ಕೆಲಸವನ್ನು ಯಾವ ವಿಶ್ವವಿದ್ಯಾನಿಲಯವಾದರೂ ಎಂ.ಎಡ್.ಗೆ ಸಮ ಎಂದು ಒಪ್ಪಿತೇ? 2009ರ ಹೊತ್ತಿಗೆ ಸರ್ಕಾರ ಅದನ್ನು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಸುತ್ತೋಲೆಯ ಮೂಲಕ ಹಂಚಿತು. ಮೇಷ್ಟ್ರು ಕಟ್ಟಿದ್ದು ಮೇಷ್ಟ್ರ ಮೇಲೆಯೇ ಆಜ್ಞೆಯಾಗಿ ಇಳಿಯಿತು. ಕಾರ್ಡು ಬಂತು, ಕಾರ್ಡು ಮಾಡುವ ಹಕ್ಕು ಬರಲಿಲ್ಲ.

ಓದೋಣ ಅಂತ ಹೊರಟವರ ಗತಿ ಏನಾಯಿತು? ನೌಕರಿ ಬಿಡಲಾಗದ ಬಡವರ ವಿಶ್ವವಿದ್ಯಾನಿಲಯ ಅಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಅದು ರಾಜ್ಯದ ಗಡಿ ದಾಟಿ ಖಾಸಗಿಯವರ ಕೈಗೆ ಕೋರ್ಸು ಕೊಟ್ಟು ಕೂತಿತು. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಸಾರಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ದುಡ್ಡು ತಿಂದವರು ಯಾರೋ, ಅಂಕಪಟ್ಟಿ ಹಿಡಿದು ಕಚೇರಿ ಕಚೇರಿ ಅಲೆದವರು ಹಳ್ಳಿಯ ಮೇಷ್ಟ್ರು, ಮೇಡಮ್ಮು. ಇತ್ತ 2014ರ ಎನ್‌ಸಿಟಿಇ ನಿಯಮ ಒಂದು ವರ್ಷದ ಎಂ.ಎಡ್. ಅನ್ನು ಎರಡು ವರ್ಷ ಮಾಡಿತು. ಎರಡು ವರ್ಷ ಸಂಬಳವಿಲ್ಲದೆ ಯಾರ ಮನೆ ಒಲೆ ಉರಿಯುತ್ತೆ? ಇನ್ನು ಅತಿಥಿ ಶಿಕ್ಷಕರು. ತಿಂಗಳಿಗೆ ಹತ್ತು ಹನ್ನೆರಡು ಸಾವಿರ, ಬೇಸಿಗೆಯಲ್ಲಿ ಅದೂ ಇಲ್ಲ. ಅವರಿಗೆ ಅಧ್ಯಯನ ರಜೆ ಎಂಬುದು ಬೈಗುಳವಿದ್ದ ಹಾಗೆ.

ಕೆಲಸದಲ್ಲಿದ್ದು ಪದವಿ ಪಡೆದವರಿಗೆ ಸಿಕ್ಕಿದ್ದೇನು? 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ಒಂದರಿಂದ ಏಳರವರೆಗೆ ಪಾಠ ಮಾಡಲು ನೇಮಕವಾದವರು ಒಂದರಿಂದ ಐದಕ್ಕೆ ಇಳಿದರು. ಪದವಿ ಇದ್ದವರೂ ಇಳಿದರು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಶಿಕ್ಷಕರು ಕೂತು ಕೇಳಿದ್ದು ಇದನ್ನೇ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು: ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಇಪ್ಪತ್ತು ವರ್ಷ ಮಕ್ಕಳ ಮಧ್ಯೆ ಇದ್ದವರು ಗೈಡು ಕೊಂಡು ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕುವುದನ್ನು ಅಭ್ಯಾಸ ಮಾಡುವ ಕಾಲ. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿ ಬೆಳವಣಿಗೆ ಎಂದು ಬರೆಯಿತು. ಮೊಬೈಲಿನಲ್ಲಿ ವಿಡಿಯೋ ಓಡಿಸಿ, ಅತ್ತ ಸಾರು ಕುದಿಸುತ್ತಾ ಸರ್ಟಿಫಿಕೇಟು ತೆಗೆದರೂ ಗಂಟೆ ಗಂಟೆಯೇ.

"ಸಂಬಳ ತಿನ್ನೋ ಮೇಷ್ಟ್ರಿಗೆ ಇದೆಲ್ಲ ಯಾಕೆ, ಅವರು ತರಬೇತಿಗೆ ಹೋದರೆ ಸ್ಕೂಲಿಗೆ ಬೀಗ" ಎಂದು ನಮ್ಮ ಸಂಘಟನೆಯ ಗೆಳೆಯರೇ ಕೇಳುತ್ತಾರೆ. ಕೇಳುವುದು ಸರಿ. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ಹೋದರೆ ಬೀಗ ಬೀಳುವುದು ಕೇರಿ ಮಕ್ಕಳ ಬಾಗಿಲಿಗೇ. ಉಳ್ಳವರ ಮಕ್ಕಳು ಕಾನ್ವೆಂಟಿನ ವ್ಯಾನು ಹತ್ತಿ ಎಂದೋ ಹೋಗಿಯಾಗಿದೆ. ಚೀಟಿ, ಸೈಟು ವ್ಯವಹಾರದಲ್ಲಿ ಮುಳುಗಿದ ಮೇಷ್ಟ್ರುಗಳನ್ನೂ ಕಂಡಿದ್ದೇನೆ, ಅವರ ಪರ ವಕಾಲತ್ತು ನನ್ನದಲ್ಲ. ಆದರೆ ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಕಾಲೇಜು ಮೆಟ್ಟಿಲು ಹತ್ತಿದವರಿಲ್ಲ. ನಮ್ಮಂಥ ಮನೆಗಳಿಗೆ ಪುಸ್ತಕದ ಕಪಾಟಿಲ್ಲ, ಟ್ಯೂಷನ್ ಇಲ್ಲ, ಇಂಗ್ಲಿಷ್ ಮಾತಾಡುವ ಮಾವ ಇಲ್ಲ. ಇರುವುದು ಮೇಷ್ಟ್ರೊಬ್ಬರೇ. ಅವರ ಓದು ನಿಂತ ದಿನ ನಮ್ಮದೂ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಕೇಳೋಣ. ಮೇಷ್ಟ್ರ ಓದಿಗೆ ಸಂಬಳಸಹಿತ ರಜೆ ಕೊಡಲಿ, ಅವರ ಜಾಗಕ್ಕೆ ಪೂರ್ತಿ ಸಂಬಳದ ಇನ್ನೊಬ್ಬ ಮೇಷ್ಟ್ರನ್ನು ಮೊದಲು ಕಳಿಸಲಿ. ಶುಲ್ಕವನ್ನು ಸರ್ಕಾರ ಕಟ್ಟಲಿ, ಅತಿಥಿ ಶಿಕ್ಷಕರನ್ನೂ ಸೇರಿಸಿಕೊಂಡು. 2017ರಲ್ಲಿ ಹುಟ್ಟಿದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಕೋಲಾರದಲ್ಲೇ ಇದೆ. ಶನಿವಾರ ಭಾನುವಾರ ಅದು ಚಿಂತಾಮಣಿಗೆ, ಶಿಡ್ಲಘಟ್ಟಕ್ಕೆ ಬಂದು ಮೇಷ್ಟ್ರಿಗೆ ಪಾಠ ಮಾಡಲಿ, ಮೇಷ್ಟ್ರಿಂದ ಪಾಠ ಕೇಳಲಿ. ಪ್ರಬಂಧದ ವಿಷಯ ಅವರ ತರಗತಿಯಿಂದ ಬರಲಿ, ಕನ್ನಡದಲ್ಲಿ ಬರಲಿ. ಮೌಖಿಕ ಪರೀಕ್ಷೆ ಪ್ರೊಫೆಸರರ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ, ಆ ಶಾಲೆಯ ಅಂಗಳದಲ್ಲೇ ಆಗಲಿ. ನೂಲು ಬಿಚ್ಚಿ ಬಂದ ತಾಯಂದಿರು ಎದುರಿಗೆ ಕೂತು ಕೇಳಲಿ: "ನಮ್ ಹುಡುಗಿ ಬಗ್ಗೆ ಅದೇನ್ ಬರೆದಿದೀರ, ಸ್ವಲ್ಪ ಓದಿ ಹೇಳಿ ಸಾರ್." ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲೇ ಹೇಳಲಿ.