ಕಬ್ಬಿಣದ ರಜವೂ ರೋಗಿಯ ಪಯಣವೂ

ಮ್ಯಾಗ್ನೆಟಿಕ್ ಸಸ್ಪೆನ್ಷನ್ ಇರುವ ಕಾರೆಂದರೆ ಅಯಸ್ಕಾಂತಗಳ ವಿಕರ್ಷಣೆಯಿಂದ ಗಾಲಿಗಳ ಮೇಲೆ ತೇಲುತ್ತ ಸಾಗುವ ವಾಹನವೆಂದು ಭಾವಿಸಿರುವವರು ವಿದ್ಯಾವಂತರಲ್ಲಿಯೂ ಕಡಮೆಯಿಲ್ಲ. ವಾಸ್ತವ ಇದಕ್ಕಿಂತ ಸರಳವೂ ಸೋಜಿಗವೂ ಆದುದು. 2002ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಸೆವಿಲ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡು, ಮುಂದೆ ಕಾರ್ವೆಟ್, ಫೆರಾರಿ, ಆಡಿಗಳಿಗೂ ಹಬ್ಬಿದ ಮ್ಯಾಗ್ನರೈಡ್ ಎಂಬ ವ್ಯವಸ್ಥೆಯಲ್ಲಿ ಕಾರಿನ ಭಾರವನ್ನು ಹೊರುವುದು ಎಂದಿನಂತೆ ಸ್ಪ್ರಿಂಗುಗಳೇ. ಅಯಸ್ಕಾಂತದ ಕೆಲಸವೇನಿದ್ದರೂ ಆ ಸ್ಪ್ರಿಂಗುಗಳ ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರಿನೊಳಗೆ.

ಸಾಮಾನ್ಯ ಶಾಕ್ ಅಬ್ಸಾರ್ಬರಿನಲ್ಲಿ ಪಿಸ್ಟನ್ನಿನ ಕಿರುರಂಧ್ರಗಳ ಮೂಲಕ ತೈಲವು ನುಸುಳುವಾಗ ಹುಟ್ಟುವ ಪ್ರತಿರೋಧವು ಕುಲುಕಾಟದ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುತ್ತದೆ. ಆ ಪ್ರತಿರೋಧ ಎಷ್ಟಿರಬೇಕೆಂಬುದು ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿಬಿಡುವುದರಿಂದ, ಹಳ್ಳದಿಣ್ಣೆಗಳಲ್ಲಿ ಮೃದುವಾಗಿದ್ದ ವಾಹನ ತಿರುವಿನಲ್ಲಿ ಓಲಾಡುವುದೂ, ತಿರುವಿನಲ್ಲಿ ದೃಢವಾಗಿದ್ದದ್ದು ಹಳ್ಳ ಬಂದಾಗ ನಮ್ಮ ಬೆನ್ನುಮೂಳೆಯನ್ನು ಪರೀಕ್ಷಿಸುವುದೂ ಅನಿವಾರ್ಯ. ಮ್ಯಾಗ್ನರೈಡ್‌ನಲ್ಲಿ ತೈಲವೇ ಬೇರೆ. ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಗಾತ್ರದ ಕಬ್ಬಿಣದ ಕಣಗಳು ಅದರಲ್ಲಿ ಕಿಕ್ಕಿರಿದಿರುತ್ತವೆ. ಪಿಸ್ಟನ್ನಿನೊಳಗೆ ಸುತ್ತಿದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಆ ಕಣಗಳು ತೈಲದ ಹರಿವಿಗೆ ಅಡ್ಡಲಾಗಿ ಸರಪಣಿಗಟ್ಟಿ ನಿಲ್ಲುತ್ತವೆ. ಅದುವರೆಗೆ ಸರಾಗವಾಗಿ ಹರಿಯುತ್ತಿದ್ದ ದ್ರವವು ಎಳೆಪಾಕ ಮೀರಿದ ಬೆಲ್ಲದಂತೆ ಬಿಗಿಯುತ್ತದೆ. ಬೆಲ್ಲ ತಾನಾಗಿ ಮತ್ತೆ ಪಾಕವಾಗದು. ಈ ದ್ರವವಾದರೋ ವಿದ್ಯುತ್ತು ನಿಂತರೆ ಮೊದಲಿನಂತಾಗುತ್ತದೆ, ಈ ಬಿಗಿತ ಸಡಿಲಿಕೆಗಳಿಗೆ ತಗಲುವ ಕಾಲವೆಲ್ಲ ಕೆಲವೇ ಮಿಲಿಸೆಕೆಂಡು.

ಯಾವಾಗ ಬಿಗಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಗಾಲಿಗಳ ಏರಿಳಿತವನ್ನು ಗಮನಿಸುವ ಸಂವೇದಕಗಳ ವರದಿಯ ಮೇಲೆ ಒಂದು ಪುಟ್ಟ ಗಣಕ ತೀರ್ಮಾನಿಸುತ್ತದೆ. ಇಂತಹ ತೀರ್ಮಾನಗಳ ಹಿಂದಿರುವ ಒಂದು ಕಲ್ಪನೆ ನನಗಂತೂ ಯಂತ್ರಕ್ಕಿಂತ ಸೊಗಸಾಗಿ ತೋರುತ್ತದೆ: ಕಾರಿನ ಒಡಲನ್ನು ಆಕಾಶಕ್ಕೇ ಕೊಕ್ಕೆ ಹಾಕಿ ಹಿಡಿದಿದ್ದರೆ ಅದು ಹೇಗೆ ನಿಶ್ಚಲವಾಗಿರುತ್ತಿತ್ತೋ, ಅದನ್ನು ನೆಲದ ಮೇಲಿನ ಡ್ಯಾಂಪರಿನಿಂದಲೇ, ಅಂದರೆ ಶಾಕ್ ಅಬ್ಸಾರ್ಬರಿನಿಂದಲೇ, ಅನುಕರಿಸುವುದು ಹೇಗೆಂದು 1974ರಲ್ಲಿ ಎಂಜಿನಿಯರ್ ಡೀನ್ ಕಾರ್ನಾಪ್ ಮತ್ತು ಸಂಗಡಿಗರು ವಿಚಾರಮಾಡಿದರು. ಒಡಲು ತಾನೇ ಎಗರಿ ಗಾಲಿಯಿಂದ ದೂರ ಸರಿಯುತ್ತಿದ್ದರೆ ಬಿಗಿ. ಗಾಲಿ ಉಬ್ಬನ್ನೇರಿ ಒಡಲನ್ನು ಮೇಲಕ್ಕೆ ತಳ್ಳುತ್ತಿದ್ದರೆ ಸಡಿಲು. ಇಷ್ಟೇ ಅದರ ಸಾರ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಈ ಕಬ್ಬಿಣದ ಕಣಗಳ ದ್ರವದ ಗುಣವನ್ನು ಜೇಕಬ್ ರಾಬಿನೋ ಎಂಬ ವಿಜ್ಞಾನಿ 1940ರ ದಶಕದಲ್ಲಿಯೇ ತೋರಿಸಿದ್ದನು. ಐಷಾರಾಮದ ಕಾರುಗಳಿಗಿಂತ ಮುಂಚೆಯೇ, 1998ರ ಸುಮಾರಿಗೆ, ಲಾರ್ಡ್ ಎಂಬ ಅಮೆರಿಕದ ಸಂಸ್ಥೆಯು ಇದನ್ನು ಲಾರಿ ಚಾಲಕರ ಆಸನದ ಕೆಳಗೆ ಅಳವಡಿಸಿತ್ತು. ಧ್ವನಿವರ್ಧಕಗಳಿಂದ ಖ್ಯಾತನಾದ ಅಮರ್ ಬೋಸ್, 1980ರಲ್ಲಿ ಆರಂಭಿಸಿ, ಗಾಲಿಗಳನ್ನು ವಿದ್ಯುತ್ ಮೋಟಾರುಗಳೇ ಎತ್ತಿ ಇಳಿಸುವ ಇನ್ನೂ ಮಹತ್ವಾಕಾಂಕ್ಷೆಯ ವ್ಯವಸ್ಥೆಯನ್ನು ಕಟ್ಟಿ 2004ರಲ್ಲಿ ಪ್ರದರ್ಶಿಸಿದನು. ಭಾರವೂ ಬೆಲೆಯೂ ಮಿತಿಮೀರಿದ ಅದು ಕಾರುಗಳಿಗೆ ಒಗ್ಗಲಿಲ್ಲ. ಆತನ ಸಂಸ್ಥೆ ಆ ಪರಿಶ್ರಮದ ಫಲವನ್ನು ಕಡೆಗೆ 2010ರಲ್ಲಿ ಮಾರಿದ್ದು ಕೂಡ ಲಾರಿ ಚಾಲಕರ ಆಸನದ ರೂಪದಲ್ಲಿಯೇ! ಹೀಗೆ ಎರಡು ದಾರಿಗಳೂ ದಿನವಿಡೀ ಕುಲುಕಾಟವನ್ನುಣ್ಣುವ ಶ್ರಮಜೀವಿಯ ಬೆನ್ನನ್ನು ಮುಟ್ಟಿರುವಾಗ, ಮ್ಯಾಗ್ನರೈಡ್ ಇಪ್ಪತ್ತು ವರ್ಷಗಳ ನಂತರವೂ ಬಹುಮಟ್ಟಿಗೆ ಸಿರಿವಂತರ ಕಾರುಗಳಲ್ಲಿಯೇ ಉಳಿದಿರುವುದು ವಿಪರೀತವಾಗಿ ಕಾಣುತ್ತದೆ. ವಿದೇಶಗಳಲ್ಲಿ ಸೇತುವೆಗಳ ತಂತಿಹಗ್ಗಗಳ ಕಂಪನವನ್ನು ಅಡಗಿಸಲು ಇದೇ ದ್ರವವಿದೆ. ಮುರಿದ ಮೂಳೆಯ ರೋಗಿ ಮಲಗಿರುವ ಆಂಬುಲೆನ್ಸಿನಲ್ಲಿ ಏಕಿರಬಾರದು?

ಆಂಬುಲೆನ್ಸುಗಳು ಬಹುಮಟ್ಟಿಗೆ ವ್ಯಾನುಗಳ ಚಾಸಿಯ ಮೇಲೆ ಕಟ್ಟಿದವು. ತುಂಬು ಭಾರಕ್ಕೆಂದು ಗಡುಸಾಗಿ ಮಾಡಿದ ಸ್ಪ್ರಿಂಗುಗಳು ಒಬ್ಬ ರೋಗಿಯ ತೂಕಕ್ಕೆ ಬಗ್ಗಲೊಲ್ಲವು. ಕಬ್ಬಿಣದ ಕಣಗಳು ಸೀಲುಗಳನ್ನು ಸವೆಸುವವು, ನಿಂತಲ್ಲಿ ತಳಕ್ಕಿಳಿಯುವವು, ಆದ್ದರಿಂದ ಬೆಲೆ ಹೆಚ್ಚು ಎಂಬ ಆಕ್ಷೇಪಣೆ ನಿಜವೇ. ಆದರೆ ವಾಹನದ ನಾಲ್ಕೂ ಮೂಲೆಗೆ ಇದನ್ನು ಹಾಕಬೇಕಿಲ್ಲ. ಸ್ಟ್ರೆಚರಿನ ಪೀಠದ ಕೆಳಗೆ ಹಾಕಿದರೂ ಸಾಕು. ರಸ್ತೆಯ ದೋಷವನ್ನೆಲ್ಲ ಯಂತ್ರವೇ ನೀಗಿಸಲೆಂದು ನಾನು ಹೇಳುತ್ತಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ 3.7 ಮೀಟರು ಅಗಲಕ್ಕೆ 10 ಸೆಂಟಿಮೀಟರು ಎತ್ತರವಾಗಿ ಮೆಲ್ಲನೆ ಏರಿಳಿಯಬೇಕಾದ ಹಂಪು, ನಮ್ಮ ಬೀದಿಗಳಲ್ಲಿ ಅನೇಕ ಕಡೆ ಒಂದೇ ಮಾರಿನ ಡಾಂಬರಿನ ಗುಡ್ಡೆಯಾಗಿ ನಿಂತಿರುವಾಗ, ಯಾವ ಡ್ಯಾಂಪರಾದರೂ ಸೋಲುವುದೇ ಸರಿ. ಸ್ಪ್ರಿಂಗು ಎಷ್ಟು ಕುಗ್ಗಬಲ್ಲುದೆಂಬುದಕ್ಕೆ ಒಂದು ಮೇರೆಯುಂಟು.

ಆದ್ದರಿಂದ ಸರ್ಕಾರವು ಮುಂದಿನ ಬಾರಿ 108 ಆಂಬುಲೆನ್ಸ್ ಸೇವೆಯ ವಾಹನಗಳಿಗೆ ಟೆಂಡರು ಕರೆಯುವಾಗ, ಆಮ್ಲಜನಕದ ಸಿಲಿಂಡರಿನಿಂದ ಸೈರನ್ನಿನವರೆಗೆ ಪಟ್ಟಿಮಾಡುವ ಶ್ರದ್ಧೆಯಲ್ಲಿಯೇ, ಸ್ಟ್ರೆಚರಿನ ಮೇಲೆ ಅಳೆದ ಕುಲುಕಾಟ ಇಷ್ಟನ್ನು ಮೀರಕೂಡದೆಂಬ ಷರತ್ತನ್ನೂ ಸೇರಿಸಲಿ. ತಯಾರಕರು ಅದನ್ನು ಕಬ್ಬಿಣದ ರಜದಿಂದ ಸಾಧಿಸುವರೋ ಗಾಳಿಯ ಚೀಲದಿಂದ ಸಾಧಿಸುವರೋ, ಅದು ಅವರ ಲೆಕ್ಕಾಚಾರ.