ಎಡಿಟ್ ಲಾಗ್: ಅಂಜಿಕೆ ಬೇಡ, ಅಭ್ಯಾಸ ಬೇಕು
ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ‘ಎಡಿಟ್ ಲಾಗ್’ ಇರುವ ಆವೃತ್ತಿಯನ್ನು ಅಳವಡಿಸಲು ಅರ್ಧ ದಿನ ಸಾಕು. ಲೆಕ್ಕಿಗರ ಕೈ ಪಳಗಲು ತಿಂಗಳುಗಳೇ ಬೇಕು. ತಪ್ಪಿದ ವೋಚರನ್ನು ಹಿಂದಿನ ತಾರೀಖಿಗೆ ಹೋಗಿ ತಿದ್ದುವುದು ಅವರ ಬಹುಕಾಲದ ರೂಢಿ. ಈಗ ಹಳೆಯ ಮೊತ್ತವೂ ತಿದ್ದಿದವರ ಹೆಸರೂ ಉಳಿಯುತ್ತವೆ. ಇದಕ್ಕೆ ಅಂಜಿ ಕೆಲವರು ತಿಂಗಳಿಡೀ ಎಕ್ಸೆಲ್‌ನಲ್ಲಿ ಬರೆದಿಟ್ಟು, ಕೊನೆಗೆ ಒಟ್ಟಾಗಿ ನಮೂದಿಸುತ್ತಾರೆ. ಆಗ ಲಾಗ್ ಇದ್ದೂ ಇಲ್ಲದಂತೆಯೇ ಸರಿ. ಪ್ರಾಮಾಣಿಕ ತಿದ್ದುಪಡಿಯನ್ನು ಕಾನೂನು ನಿಷೇಧಿಸಿಲ್ಲ. ಲಾಗ್ ವರ್ಷವಿಡೀ ಚಾಲನೆಯಲ್ಲಿತ್ತೇ ಎಂಬುದನ್ನು ಲೆಕ್ಕಪರಿಶೋಧಕರು ವರದಿ ಮಾಡಬೇಕಾಗುತ್ತದೆ, ತಿದ್ದುಪಡಿಗಳ ಸಂಖ್ಯೆಯನ್ನಲ್ಲ. ಆದರೆ ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್ ಇದ್ದಲ್ಲಿ ಎಲ್ಲರ ತಪ್ಪೂ ಒಬ್ಬರ ತಲೆಗೆ ಬರುತ್ತದೆ (ಸಣ್ಣ ಕಂಪನಿಗಳಲ್ಲಿ ಆ ಒಬ್ಬರು ಬಹುಶಃ ನಿರ್ದೇಶಕರೇ!). ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ನೀಡಿ, ಮಾರ್ಚ್ ತಿಂಗಳ ಒತ್ತಡಕ್ಕೆ ಮುನ್ನವೇ ತರಬೇತಿ ಮುಗಿಸುವುದು ಲೇಸು.