ಚಿಂಚಲಿ, ಚಿಂಚಣಿ ಮತ್ತು ನಡುವಿನ ದುಭಾಷಿ

ಭಾರತ ಹುಣ್ಣಿಮೆಯ ಜಾತ್ರೆಗೆ ಸಾಂಗ್ಲಿ, ಕೊಲ್ಹಾಪುರದ ಕಡೆಯಿಂದ ಬರುವ ಭಕ್ತರು ನಮ್ಮ ಚಿಂಚಲಿಯನ್ನು ಚಿಂಚಣಿ ಎನ್ನುತ್ತಾರೆ. ಹೆಸರು ಎರಡಾದರೂ ದೇವಿ ಮಾಯಕ್ಕ ಒಬ್ಬಳೇ. ಕಾಯಿ ಅಂಗಡಿಯವನು ಒಬ್ಬರಿಗೆ ಮರಾಠಿಯಲ್ಲಿ ದರ ಹೇಳುತ್ತಲೇ ಪಕ್ಕದವರಿಗೆ ಕನ್ನಡದಲ್ಲಿ ಚಿಲ್ಲರೆ ಕೇಳುತ್ತಾನೆ.

ಮನೆಯ ಹಳೆಯ ಕಂಪ್ಯೂಟರಿನಲ್ಲಿ ಮ್ಯಾಟ್ರಿಕ್ಸ್ ಎಂಬ ಸಂದೇಶ ವ್ಯವಸ್ಥೆಯ ಸರ್ವರ್ ಕೂರಿಸಿ, ಅದಕ್ಕೂ ವಾಟ್ಸ್‌ಆ್ಯಪ್‌ಗೂ ಸೇತುವೆ ಕಟ್ಟುವಾಗ ನನಗೆ ಆ ಅಂಗಡಿಯವನೇ ನೆನಪಾದ. 2014ರಲ್ಲಿ ಹೊರಬಂದ ಮ್ಯಾಟ್ರಿಕ್ಸ್ ಇಮೇಲಿನ ದಾರಿಯದು: ಯಾರು ಬೇಕಾದರೂ ಸ್ವಂತ ಸರ್ವರ್ ಇಟ್ಟುಕೊಂಡು ಬೇರೆ ಸರ್ವರಿನವರೊಡನೆ ಮಾತಾಡಬಹುದು. ವಾಟ್ಸ್‌ಆ್ಯಪ್‌ಗೆ ನಮ್ಮಲ್ಲಿ ಆ ಬಾಗಿಲಿಲ್ಲ. ಅದಕ್ಕೇ ಮೌಟ್ರಿಕ್ಸ್-ವಾಟ್ಸ್‌ಆ್ಯಪ್ ಎಂಬ ಸೇತುವೆ ತಂತ್ರಾಂಶ. ಅದು ತೋರಿಸುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ, ವಾಟ್ಸ್‌ಆ್ಯಪ್ ಸೇತುವೆಯನ್ನು ನಮ್ಮದೇ ಇನ್ನೊಂದು ಸಾಧನವೆಂದು ಒಳಗೆ ಬಿಡುತ್ತದೆ. ಈಚೆ ಮ್ಯಾಟ್ರಿಕ್ಸಿನ ದಡದಲ್ಲಿ ಪ್ರತಿಯೊಬ್ಬ ಪರಿಚಿತರಿಗೂ ಒಂದೊಂದು ನೆರಳು ಖಾತೆ ಹುಟ್ಟುತ್ತದೆ. ಫೋನು 14 ದಿನ ನೆಟ್‌ವರ್ಕಿಗೆ ಬಾರದಿದ್ದರೆ ಕೊಂಡಿ ಕಳಚುತ್ತದೆ. ಇಂಥ ಅನಧಿಕೃತ ಜೋಡಣೆಯನ್ನು ಕಂಪನಿ ಒಪ್ಪುವುದಿಲ್ಲ, ನಂಬರೇ ಬಂದ್ ಆಗುವ ಅಪಾಯವೂ ಉಂಟು.

ನನ್ನನ್ನು ಕಾಡಿದ್ದು ಬೇರೆ ವಿಷಯ. ಎರಡೂ ಕಡೆ ಸಂದೇಶಕ್ಕೆ ಬೀಗವಿದೆ, ಆದರೆ ಬೀಗಗಳ ಜಾತಿ ಬೇರೆ. ಒಂದರ ಕೀಲಿ ಇನ್ನೊಂದಕ್ಕೆ ಕೂಡುವುದಿಲ್ಲ. ಸೇತುವೆ ಒಂದು ಬೀಗ ತೆಗೆದು, ಮಾತನ್ನು ಬಿಡಿಸಿ, ಇನ್ನೊಂದು ಬೀಗ ಹಾಕಿ ಕಳಿಸಬೇಕು. ಆ ಗಳಿಗೆಯಲ್ಲಿ ಮಾತು ಬೆತ್ತಲೆ. ದುಭಾಷಿಗೆ ಇಬ್ಬರ ಗುಟ್ಟೂ ಗೊತ್ತಿರುತ್ತದೆ. ಹಾಗಾಗಿ ಸೇತುವೆ ಯಾರ ಯಂತ್ರದಲ್ಲಿದೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪರರ ಸರ್ವರಿನಲ್ಲಿಡುವುದಾದರೆ ಕಟ್ಟದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಯಂತ್ರದಲ್ಲೇ ಇಟ್ಟ ಮೇಲೂ ಸಮಾಧಾನವಾಗಲಿಲ್ಲ. ನಿಪ್ಪಾಣಿಯ ಅತ್ತೆ ಮಗಳ ಮದುವೆ ಮಾತುಕತೆ ಬರೆದು, “ಯಾರ ಮುಂದೂ ಹೇಳಬ್ಯಾಡಪಾ” ಎಂದಿದ್ದರು. ಆ ಮಾತು ನನ್ನ ಡೇಟಾಬೇಸಿನಲ್ಲಿ ಕೂತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಫೋನ್ ಮಾಡಿ ಹೇಳಿದೆ.

ಬಾಗಿಲೇ ತೆರೆದಿದ್ದರೆ ಸೇತುವೆಯ ಈ ತಾಪತ್ರಯವೇ ಇರುತ್ತಿರಲಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಒಂದು ಆ್ಯಪಿನಿಂದ ಇನ್ನೊಂದು ಆ್ಯಪಿನವರಿಗೆ ಹತ್ತು ರೂಪಾಯಿ ಸಲೀಸಾಗಿ ಹೋಗುತ್ತದೆ. ಹತ್ತು ಮಾತು ಮಾತ್ರ ಹೋಗುವುದಿಲ್ಲ. ಯುರೋಪಿನ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾನೂನಿನಿಂದ ವಾಟ್ಸ್‌ಆ್ಯಪ್ ಬಾಗಿಲು ತೆರೆಯಲೇಬೇಕೆಂದು ಕಟ್ಟುಪಾಡು ವಿಧಿಸಿದೆ. ನಮ್ಮಲ್ಲೂ ಅಂಥ ಕಾನೂನು ಬರಬೇಕು.

ಅಲ್ಲಿಯವರೆಗೆ ಸೇತುವೆ ಕಟ್ಟುವವರಲ್ಲಿ ಒಂದು ಬಿನ್ನಹ: ಮೊದಲು ಗ್ರೂಪಿನವರಿಗೆಲ್ಲ ತಿಳಿಸಿ. ಒಬ್ಬರು ಬೇಡವೆಂದರೂ ಆ ಗ್ರೂಪನ್ನು ಸೇತುವೆಗೆ ಸೇರಿಸಬೇಡಿ.